ರೆಫರೆನ್ಸ್ ಆ್ಯಂಗಲ್‌ಗೆ ವೈ ಅಕ್ಷದ ಹಂಗಿಲ್ಲ

ಇಂಟರ್ನಲ್ಸ್ ಪೇಪರಿನ ಕಟ್ಟಿನಲ್ಲಿ ಸೈನ್ 250°ಗೆ −0.3420 ಎಂಬ ಉತ್ತರ ಸಾಲುಸಾಲಾಗಿ ಸಿಕ್ಕಾಗ ಸ್ಟಾಫ್ ರೂಮಿನಲ್ಲಿ ಮೊದಲು ಎದ್ದದ್ದು ನಕಲಿನ ಗುಮಾನಿ. ಮಾರ್ಕ್ಸ್ ತಡೆಹಿಡಿಯುವ ತನಕ ಮಾತು ಹೋಯಿತು. ಸ್ಟೆಪ್ಸ್ ಓದಿದಾಗ ವಿಷಯವೇ ಬೇರೆ: ಎಲ್ಲರೂ 270ರಿಂದ 250 ಕಳೆದು 20° ತೆಗೆದಿದ್ದಾರೆ. ಕ್ವಾಡ್ರೆಂಟ್ (ಎರಡು ಅಕ್ಷ ಸೇರಿ ಮಾಡುವ ನಾಲ್ಕು ಭಾಗಗಳಲ್ಲೊಂದು) ಸರಿ, ಚಿಹ್ನೆ ಸರಿ, ಕೋನ ಮಾತ್ರ ತಪ್ಪು. ರೆಫರೆನ್ಸ್ ಆ್ಯಂಗಲ್ ಎಂದರೆ "ಹತ್ತಿರದ ಅಕ್ಷದವರೆಗಿನ ಕೋನ" ಎಂದು ಬೋರ್ಡಿನ ಮೇಲೆ ಬರೆಸಿದ್ದರ ಫಲ ಅದು. 250°ಗೆ ಹತ್ತಿರದ ಅಕ್ಷ ವೈ ಅಕ್ಷವೇ ತಾನೆ!

ರೆಫರೆನ್ಸ್ ಆ್ಯಂಗಲ್ ಎಂದರೆ ಕೋನದ ಕೊನೆಯ ಭುಜ (ತಿರುಗಿ ನಿಂತ ಗೆರೆ) ಎಕ್ಸ್ ಅಕ್ಷದೊಂದಿಗೆ ಮಾಡುವ ಲಘುಕೋನ; ಅಳೆಯಬೇಕಾದದ್ದು ಯಾವಾಗಲೂ ಎಕ್ಸ್ ಅಕ್ಷದಿಂದ. 250 − 180 = 70°; ಮೂರನೇ ಕ್ವಾಡ್ರೆಂಟ್‌ನಲ್ಲಿ ಸೈನ್ ಋಣ; ಉತ್ತರ −0.9397. ಕಾರಣವನ್ನೂ ಹೇಳಿಕೊಡಬೇಕು. ಯೂನಿಟ್ ಸರ್ಕಲ್ ಅಂದರೆ ತ್ರಿಜ್ಯ 1ರ ವೃತ್ತ; ಅದರ ಮೇಲಿನ ಬಿಂದುವಿನ ಎಕ್ಸ್ ಬೆಲೆ ಕಾಸ್, ವೈ ಬೆಲೆ ಸೈನ್. ಆ ಬಿಂದುವನ್ನು ಎರಡರಲ್ಲಿ ಯಾವ ಅಕ್ಷಕ್ಕೆ ಪ್ರತಿಫಲಿಸಿದರೂ ಎಕ್ಸ್, ವೈ ಬೆಲೆಗಳ ಚಿಹ್ನೆಯಷ್ಟೇ ಬದಲಾಗುತ್ತದೆ, ಗಾತ್ರ ಹಾಗೇ ಉಳಿಯುತ್ತದೆ. ಕೋನವನ್ನೇ ವೈ ಅಕ್ಷದಿಂದ ಅಳೆದರೆ ಎರಡೂ ಬೆಲೆ ಅದಲುಬದಲು. ಹಾಗಾಗಿ −0.3420 ಗಾಳಿಯಲ್ಲಿ ಬಂದ ಸಂಖ್ಯೆಯಲ್ಲ, ಅದು ಕಾಸ್ 250°ಯ ಬೆಲೆ. ಸೈನ್ ಕೇಳಿದಲ್ಲಿ ಕಾಸ್‌ನ ಬೆಲೆ ಬಂದಿದ್ದರೆ ಅಕ್ಷ ತಪ್ಪಿದೆ ಎಂದೇ ಲೆಕ್ಕ.

ಕೊಟ್ಟ ಕೋನ ಥೀಟಾ ಆದರೆ ಎರಡು, ಮೂರು, ನಾಲ್ಕನೇ ಕ್ವಾಡ್ರೆಂಟ್‌ಗೆ ಕ್ರಮವಾಗಿ 180 − ಥೀಟಾ, ಥೀಟಾ − 180, 360 − ಥೀಟಾ ಎಂಬ ಟೇಬಲ್ಲನ್ನು ಬಾಯಿಪಾಠ ಮಾಡಿಸುವುದು ಪೋರ್ಷನ್ ಮುಗಿಸುವ ಅವಸರಕ್ಕೆ ಸರಿ, ಕಲಿಕೆಗಲ್ಲ. ಒರಟಾಗಿ ಒಂದು ಚಿತ್ರ ಗೀಚಿ, ಕೊನೆಯ ಭುಜದಿಂದ ಎಕ್ಸ್ ಅಕ್ಷಕ್ಕೆ ಲಂಬ ಇಳಿಸಿದರೆ ಮೂರೂ ಸೂತ್ರ ತಾವೇ ಕಾಣಿಸುತ್ತವೆ. ಲಂಬವನ್ನು ವೈ ಅಕ್ಷಕ್ಕೆ ಎಳೆದವರ ಪೇಪರ್ ಅಲ್ಲೇ ಸಿಕ್ಕಿಬೀಳುತ್ತದೆ.

360 ದಾಟಿದ ಕೋನ, ಋಣ ಕೋನ ಇದ್ದರೆ ಮೊದಲು 360ರ ಗುಣಕ ಕಳೆದೋ ಕೂಡಿಯೋ 0–360ರೊಳಗೆ ತನ್ನಿ. 1290ರಿಂದ 1080 ಕಳೆದರೆ 210, ರೆಫರೆನ್ಸ್ ಆ್ಯಂಗಲ್ 30°. −480ಕ್ಕೆ 720 ಕೂಡಿದರೆ 240, ಅಂದರೆ 60°. ಋಣ ಚಿಹ್ನೆ ಅಳಿಸಿ 480 ಎಂದು ಮುಂದುವರಿದರೂ 60°ಯೇ ಬರುತ್ತದೆ. ಆದರೆ ಕ್ವಾಡ್ರೆಂಟ್ ಎರಡನೆಯದಾಗಿ ಸೈನ್‌ನ ಚಿಹ್ನೆ ಕೆಡುತ್ತದೆ. 180ರಿಂದ ಭಾಗಿಸುವ ಶಾರ್ಟ್‌ಕಟ್‌ನಲ್ಲೂ ಇದೇ ಅಪಾಯ. 1290ರಲ್ಲಿ ಶೇಷ 30, ಕೋನ ಸರಿಯಾಗಿದೆ. ಆ ಶೇಷ ನೋಡಿ ಮೊದಲನೇ ಕ್ವಾಡ್ರೆಂಟ್ ಅಂದುಕೊಂಡರೆ ಸೈನ್ −1/2 ಹೋಗಿ +1/2 ಆಗುತ್ತದೆ. ಟ್ಯಾನ್ ಮಾತ್ರ ಬಚಾವ್, ಅದು 180°ಗೇ ಮರುಕಳಿಸುತ್ತದೆ.

ರೇಡಿಯನ್‌ನಲ್ಲಿ (ಪೈ ರೇಡಿಯನ್ ಎಂದರೆ 180°) 17ಪೈ/6 ಕೊಟ್ಟರೆ 12ಪೈ/6 ಕಳೆಯಿರಿ, 5ಪೈ/6 ಉಳಿಯುತ್ತದೆ, ರೆಫರೆನ್ಸ್ ಆ್ಯಂಗಲ್ ಪೈ/6. ಛೇದ ಸಮ ಮಾಡಿಕೊಳ್ಳದೆ ಕಳೆಯಲು ಹೋದವರೇ ಇಲ್ಲಿ ಎಡವುವುದು. ಡಿಗ್ರಿ ಗುರುತಿಲ್ಲದ "ಸೈನ್ 5" ಇನ್ನೂ ಮೋಸದ್ದು. ಅದು 5 ರೇಡಿಯನ್, ಸುಮಾರು 286.5°, ನಾಲ್ಕನೇ ಕ್ವಾಡ್ರೆಂಟ್. ರೆಫರೆನ್ಸ್ ಆ್ಯಂಗಲ್ 2ಪೈ − 5, ಹತ್ತಿರ ಹತ್ತಿರ 1.283.

ಬೆಲೆ ಕೊಟ್ಟು ಕೋನ ಕೇಳುವ ಹಿಂದುಮುಂದಾದ ಲೆಕ್ಕದಲ್ಲಿ ಕ್ಯಾಲ್ಕುಲೇಟರ್ ಕೈಕೊಡುತ್ತದೆ. ಕಾಸ್ ಥೀಟಾ = −0.5 ಎಂದಿದ್ದಾಗ ಹಾಗೇ ಇನ್ವರ್ಸ್ ಒತ್ತಿದರೆ 120 ತೋರಿಸುತ್ತದೆ. ಅದು ಒಂದು ಉತ್ತರವೇ ಹೊರತು ರೆಫರೆನ್ಸ್ ಆ್ಯಂಗಲ್ ಅಲ್ಲ. ಅದನ್ನೇ 180ಕ್ಕೆ ಕೂಡಿಸಿ 300° ಬರೆದವರಿಗೆ ಕಾಸ್ 300° ಧನ ಎಂಬುದು ಹೊಳೆಯುವುದೇ ಇಲ್ಲ. ಚಿಹ್ನೆ ಬಿಟ್ಟು 0.5ಕ್ಕೆ ಇನ್ವರ್ಸ್ ಒತ್ತಿ, 60° ಪಡೆಯಿರಿ. ಚಿಹ್ನೆ ಈಗ ಕೆಲಸಕ್ಕೆ ಬರುತ್ತದೆ: ಕಾಸ್ ಋಣವಾಗುವುದು ಎರಡು ಮತ್ತು ಮೂರನೇ ಕ್ವಾಡ್ರೆಂಟ್‌ನಲ್ಲಿ, ಹಾಗಾಗಿ 120°, 240°.

ಇಷ್ಟು ದಿನ ಈ ತಪ್ಪು ಕಣ್ಣಿಗೆ ಬೀಳದಿರಲು ಪ್ರಶ್ನೆಗಳೂ ಕಾರಣ. ಕ್ವಶ್ಚನ್ ಬ್ಯಾಂಕ್ ತುಂಬ 135, 225, 315. ಇವು ಯಾವ ಅಕ್ಷದಿಂದ ಅಳೆದರೂ 45°ಯೇ, ತಪ್ಪು ದಾರಿಗೂ ಪೂರ್ತಿ ಮಾರ್ಕ್ಸ್. ಪೇಪರ್ ಸೆಟ್ ಮಾಡುವವರು 100°, 250°, 290° ಕೊಡಿ. ಟೇಬಲ್ ಬೆಲೆಯೇ (30, 45, 60ರಂಥ ಕೋನಗಳ ಸಿದ್ಧ ಬೆಲೆ) ಬೇಕು ಎಂದು ಸ್ಕೀಮ್ ಹಟ ಹಿಡಿದರೆ 240° ಸಾಕು: ಸರಿ ದಾರಿಯಲ್ಲಿ 60, ತಪ್ಪು ದಾರಿಯಲ್ಲಿ 30.