ಗೋಳಗುಮ್ಮಟದ ಗ್ಯಾಲರಿಯಲ್ಲಿ ಕೂಗಬೇಡಿ, ಪಿಸುಗುಟ್ಟಿ

ಗೋಳಗುಮ್ಮಟದ ಗ್ಯಾಲರಿ ಹತ್ತಿದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಗಂಟಲು ಹರಿಯುವಂತೆ ಕೂಗುವುದು. ಪ್ರತಿಧ್ವನಿ ಏಳು ಸಲ ಕೇಳಿತೋ ಹತ್ತು ಸಲವೋ ಎಂದು ಎಣಿಸಿ ಇಳಿದುಬಿಡುತ್ತಾರೆ. ಆ ಗದ್ದಲದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಎದುರು ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ ಒಂದು, ಗೋಡೆಯ ಬಾಗನ್ನು ಹಿಡಿದು ಸುತ್ತಿ ಬರುವ ಪಿಸುಮಾತು ಇನ್ನೊಂದು. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ವಿಜ್ಞಾನ ಶಿಕ್ಷಕರು ಇವೆರಡನ್ನೂ ಬಿಡಿಸಿ ತೋರಿಸಿದರೆ ಅಲೆಗಳ ಅಧ್ಯಾಯದ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.

ಮೊದಲು ಬೇಕಾದಷ್ಟು ಮೂಲಪಾಠ. ಅಲೆ ಸಾಗಿಸುವುದು ಶಕ್ತಿಯನ್ನು, ವಸ್ತುವನ್ನಲ್ಲ. ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದನ್ನು ಮೇಲೆ ಕೆಳಗೆ ಕುಲುಕಿದರೆ ಹಗ್ಗದ ಪ್ರತಿ ಚೂರೂ ಅಲೆ ಓಡುವ ದಿಕ್ಕಿಗೆ ಅಡ್ಡಲಾಗಿ ಆಡುತ್ತದೆ. ಇದು ಅಡ್ಡ ತರಂಗ. ಗಾಳಿಯಲ್ಲಿ ಶಬ್ದ ಹೀಗೆ ಹೋಗಲಾರದು. ಗಾಳಿಯ ಒಂದು ಪದರ ಪಕ್ಕಕ್ಕೆ ಜಾರಿದರೆ ಅದನ್ನು ಮರಳಿ ಎಳೆಯುವ ಬಿಗುವು ಗಾಳಿಗಿಲ್ಲ, ಒತ್ತಿದರೆ ಮಾತ್ರ ತಿರುಗಿ ಒತ್ತುತ್ತದೆ. ಆದ್ದರಿಂದ ಶಬ್ದ ಸಂಪೀಡನ (ಗಾಳಿ ಒತ್ತೊತ್ತಾದ ಕಡೆ), ವಿರಳನಗಳ (ಸಡಿಲವಾದ ಕಡೆ) ಸಾಲಾಗಿ ಓಡುವ ನೀಳ ತರಂಗ, ಇಲ್ಲಿ ಗಾಳಿ ಅಲೆ ಓಡುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತದೆ. ಗುಮ್ಮಟದ ಕಲ್ಲು, ಗಾರೆಯಂಥ ಘನವಸ್ತುಗಳಲ್ಲಿ ಎರಡೂ ಬಗೆ ಓಡುತ್ತವೆ. ಆಲಮಟ್ಟಿ ಹಿನ್ನೀರಿನ ಮೇಲಿನ ಅಲೆ ಎರಡರ ಮಿಶ್ರಣ, ಅಲ್ಲಿ ನೀರಿನ ಕಣಗಳು ಹೆಚ್ಚುಕಡಿಮೆ ವೃತ್ತದಲ್ಲಿ ಸುತ್ತುತ್ತವೆ. ಬೆಳಕು ಅಡ್ಡ ತರಂಗವೇ, ಆದರೆ ಅದಕ್ಕೆ ಮಾಧ್ಯಮ ಬೇಕಿಲ್ಲ.

ಅಳತೆಗೆ ಸಿಗುವ ಗುಣಗಳಲ್ಲಿ ಮೂರು ಒಂದಕ್ಕೊಂದು ಗಂಟುಬಿದ್ದಿವೆ: ವೇಗ ಎಂದರೆ ಆವೃತ್ತಿ (ಸೆಕೆಂಡಿಗೆ ಎಷ್ಟು ಅಲೆ) ಮತ್ತು ತರಂಗದೂರದ (ಒಂದು ಅಲೆಯ ಉದ್ದ) ಗುಣಲಬ್ಧ. ನಾಲ್ಕನೆಯದು ಪಾರ, ಅಂದರೆ ಅಲೆ ಎಷ್ಟು ಏರಿಳಿಯುತ್ತದೆ ಎಂಬುದು, ಅದು ಸದ್ದಿನ ಜೋರು. ಪಾರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ವೇಗ ಮಾತ್ರ ಅಷ್ಟೇ. ಜೋರಾಗಿ ಕೂಗಿದರೆ ಬೇಗ ಮುಟ್ಟುತ್ತದೆ ಎಂದು ಪಿಯುಸಿ ಹುಡುಗರೂ ಬರೆಯುವುದುಂಟು. ವೇಗವನ್ನು ನಿರ್ಧರಿಸುವುದು ಗಾಳಿ. 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.6 ಮೀಟರ್ ಹೆಚ್ಚು. 30 ಡಿಗ್ರಿಯಲ್ಲಿ 349 ಎಂದಿಟ್ಟುಕೊಳ್ಳಿ.

ಈಗ ಪಿಸುಮಾತು. ಅದರಲ್ಲಿ ಗಂಟಲಿನ ನಾದವಿಲ್ಲ, ಉಸಿರಿನ ಸರಸರ ಮಾತ್ರ. ಹಾಗಾಗಿ ಆವೃತ್ತಿ ಹೆಚ್ಚು. 3,500 ಹರ್ಟ್ಸ್ ಎಂದು ಹಿಡಿದರೆ ತರಂಗದೂರ ಬರೀ 10 ಸೆಂಟಿಮೀಟರ್. 100 ಹರ್ಟ್ಸ್‌ನ ದಪ್ಪ ಗಂಡುದನಿಗೆ ಅದು ಮೂರೂವರೆ ಮೀಟರ್. ಬಾಗಿದ ಗೋಡೆಯ ಗುಂಟ ಓರೆಯಾಗಿ ಹೊರಟ ಅಲೆ ಮತ್ತೆ ಮತ್ತೆ ಗೋಡೆಗೆ ತಾಗಿ ಪ್ರತಿಫಲಿಸುತ್ತ ಒಂದು ತೆಳು ಪದರದಲ್ಲೇ ಉಳಿಯುತ್ತದೆ. ಆ ಪದರದ ದಪ್ಪ ತರಂಗದೂರದ ಮೂರನೇ ಎರಡು (2/3) ಘಾತದಂತೆ ಬದಲಾಗುವುದರಿಂದ, ಮೇಲಿನ ಎರಡು ದನಿಗಳಲ್ಲಿ ಪಿಸುಮಾತಿನ ಪದರ ಸುಮಾರು ಹತ್ತು ಪಟ್ಟು ತೆಳು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆ, ಇಲ್ಲಿ ಸರಿಸುಮಾರು ಅರ್ಧಕ್ಕೆ. ಗಟ್ಟಿ ಗಾರೆಯ ಮೈ ಸದ್ದನ್ನು ಹೀರುವುದೂ ಕಡಿಮೆ.

ಗೋಡೆಗೆ ಅಂಟಿ ಓಡುವ ಈ ವಿವರಣೆ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಅವರದು. ಸಿ.ವಿ. ರಾಮನ್ 1921ರಲ್ಲಿ ಸದರ್‌ಲ್ಯಾಂಡ್ ಜೊತೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯನ್ನು ಪರೀಕ್ಷಿಸಿದರು, ಮರುವರ್ಷದ ಬರಹದಲ್ಲಿ ನಮ್ಮ ಗೋಳಗುಮ್ಮಟವನ್ನೂ ತೆಗೆದುಕೊಂಡರು. ಗೋಡೆಯಿಂದ ಒಳಕ್ಕೆ ಬಂದಂತೆ ಸದ್ದು ಒಂದೇ ಸಮನೆ ಕುಗ್ಗದೆ ಏರಿಳಿಯುತ್ತದೆ ಎಂಬುದು ಅವರು ಕಂಡುಕೊಂಡ ಮಾತು. ಅಲೆಗಳ ವ್ಯತಿಕರಣಕ್ಕೆ, ಅಂದರೆ ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಹೆಚ್ಚಿ ಕೆಲವೆಡೆ ಕುಗ್ಗುವುದಕ್ಕೆ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದನ್ನು ಕೇಳಬೇಕಾದರೆ ಇಬ್ಬರೂ ಗೋಡೆಗೆ ಒತ್ತಿ ಕೂರಬೇಕು. ಮಾತಾಡುವವರ ಬಾಯಿ ಗೋಡೆಯ ಗುಂಟ ತಿರುಗಿರಬೇಕು, ನಡುಬಯಲಿನ ಕಡೆಗಲ್ಲ. ಕೇಳುವವರ ಕಿವಿ ಗೋಡೆಗೆ ಒಂದು ಗೇಣಿನೊಳಗೆ. ಬಹಳ ಜನ ಕಟಕಟೆಗೆ ಒರಗಿ ಎದುರಿನವರತ್ತ ಪಿಸುಗುಟ್ಟಿ, ಏನೂ ಕೇಳಲಿಲ್ಲ ಎನ್ನುತ್ತಾರೆ. ಕೇಳುವುದಾದರೂ ಹೇಗೆ, ಅಲೆಯನ್ನು ಆ ಪದರಕ್ಕೆ ಬಿಟ್ಟೇ ಇಲ್ಲವಲ್ಲ!

ಪ್ರತಿಧ್ವನಿಯನ್ನು ಮೊಬೈಲಿನಲ್ಲಿ ಅಳೆಯಬಹುದು. ಗುಮ್ಮಟದ ಒಳವ್ಯಾಸ ಸುಮಾರು 37.9 ಮೀಟರ್, ಹೋಗಿಬರಲು 75.8 ಮೀಟರ್. 30 ಡಿಗ್ರಿಯಲ್ಲಿ ಅಂತರ 0.217 ಸೆಕೆಂಡ್ ಬರಬೇಕು. ಕಿವಿ ಎರಡು ಸದ್ದುಗಳನ್ನು ಬೇರ್ಪಡಿಸಲು ಬೇಕಾದ 0.1 ಸೆಕೆಂಡಿಗಿಂತ ಇದು ಹೆಚ್ಚು, ಅದಕ್ಕೇ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಜನ ಬರುವ ಮುಂಚೆ ಹೋಗಿ. ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡು ಮರದ ಹಲಗೆಗಳನ್ನು ಒಮ್ಮೆ ಮಾತ್ರ ಬಡಿಯಿರಿ. ಧ್ವನಿಮುದ್ರಣ ವೇವ್ ಕಡತವಾಗಿರಲಿ, ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಆಗಿರಲಿ. ಅದು ಆನ್ ಇದ್ದರೆ ಫೋನು ಪ್ರತಿಧ್ವನಿಯನ್ನೇ ಗದ್ದಲವೆಂದು ಒರೆಸಿಬಿಡುತ್ತದೆ. ನಂತರ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಸದ್ದಿನ ಆರಂಭದಿಂದ ಆರಂಭಕ್ಕೆ ಅಳೆಯಿರಿ, ಶಿಖರದಿಂದ ಶಿಖರಕ್ಕಲ್ಲ, ಏಕೆಂದರೆ ಮರಳಿ ಬಂದ ಸದ್ದಿನ ಶಿಖರ ಹರಡಿಕೊಂಡಿರುತ್ತದೆ. ಒಂದೇ ಅಂತರ ಅಳೆದು ಅದರಲ್ಲಿ 10 ಮಿಲಿಸೆಕೆಂಡ್ ತಪ್ಪಿದರೆ ವೇಗದಲ್ಲಿ ನೂರಕ್ಕೆ ಐದರಷ್ಟು ತಪ್ಪು. ಐದನೇ ಪ್ರತಿಧ್ವನಿಯವರೆಗೆ ಅಳೆದರೆ ಅದೇ ತಪ್ಪು ನೂರಕ್ಕೆ ಒಂದಕ್ಕಿಳಿಯುತ್ತದೆ: 379 ಮೀಟರ್ ದೂರ, 1.09 ಸೆಕೆಂಡ್, ವೇಗ 348.

ಲೆಕ್ಕ 0.22ರ ಬದಲು 0.34 ಸೆಕೆಂಡ್ ಎಂದರೆ ಗಾಬರಿಯಾಗಿ ಫೋನನ್ನು ಬೈಯಬೇಡಿ. ಅದು ಗೋಡೆಯ ಗುಂಟ ಪೂರ್ತಿ ಸುತ್ತು ಹಾಕಿದ ಅಲೆಯಾಗಿರಬಹುದು. 119 ಮೀಟರ್ ಪರಿಧಿಯನ್ನು 0.34ರಿಂದ ಭಾಗಿಸಿ ನೋಡಿ, ಮತ್ತೆ 350ರ ಆಸುಪಾಸೇ ಬರುತ್ತದೆ.

ಉಷ್ಣತೆಯನ್ನು ಗುಮ್ಮಟದ ಒಳಗೇ ಅಳೆಯಬೇಕು, ಅಂಗಳದ ಬಿಸಿಲಿನಲ್ಲಲ್ಲ. ಒಳಗಾಳಿ 15 ಡಿಗ್ರಿ ಇದ್ದಾಗ ಒಂದು ಪ್ರತಿಧ್ವನಿಗೆ 0.223 ಸೆಕೆಂಡ್ ಹಿಡಿದರೆ, 40 ಡಿಗ್ರಿಯಲ್ಲಿ 0.214. ಐದು ಪ್ರತಿಧ್ವನಿಗೆ ಒಟ್ಟು 45 ಮಿಲಿಸೆಕೆಂಡಿನಷ್ಟು ವ್ಯತ್ಯಾಸ, ತೆರೆಯ ಮೇಲೆ ಸ್ಪಷ್ಟವಾಗಿ ಕಾಣುವಷ್ಟು. ಚಳಿಗಾಲದಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಅದೇ ಜಾಗದಲ್ಲಿ ನಿಂತು, ಅದೇ ಹಲಗೆಗಳಿಂದ ಮಾಡಿದರೆ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.