ಸೋಮವಾರದ ಉತ್ತರದ ಹಾಳೆ

ಸಲಹಾ ಪೆಟ್ಟಿಗೆ ಇಲ್ಲದ ಸರ್ಕಾರಿ ಶಾಲೆಯನ್ನು ನಾನು ಈಚೆಗೆ ನೋಡಿಲ್ಲ. ಅದನ್ನು ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲ ಪಕ್ಕದಲ್ಲೇ ತೂಗುಹಾಕಿರುತ್ತಾರೆ; ಚೀಟಿ ಹಾಕಿದವರು ಯಾರೆಂದು ಇಡೀ ಸಿಬ್ಬಂದಿಗೆ ಕಾಣಬೇಕಲ್ಲ! ತಪಾಸಣೆಗೆ ಬಂದವರು ಕೇಳಿದಾಗಲೇ ಬೀಗದ ಕೈಗೆ ಹುಡುಕಾಟ. ತೆರೆದರೆ ಒಂದಿಷ್ಟು ಚಾಕೊಲೇಟ್ ಕಾಗದ, 'ನಮ್ಮ ಶಾಲೆ ಚೆನ್ನಾಗಿದೆ' ಎಂಬ ಒಂದೆರಡು ಚೀಟಿ. ಮಕ್ಕಳಿಂದ ದೂರುಗಳಿಲ್ಲ ಎಂದು ವರದಿಯಾಗುತ್ತದೆ.

ಬ್ಯಾಡಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾದಿಂದ ನೇರ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಮೊದಲೇ ಇದ್ದ ವಿಶೇಷ ತರಗತಿಗಳು ಅಲ್ಲಿಂದ ಇನ್ನಷ್ಟು ಉದ್ದವಾದವು. ಸರಣಿ ಪರೀಕ್ಷೆ, 'ಪಾಸಿಂಗ್ ಪ್ಯಾಕೇಜ್' (ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ ಕಟ್ಟು), ಪ್ರತಿಯೊಂದಕ್ಕೂ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೊ. ನಡುವೆ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆಯ ತಂತ್ರಾಂಶಕ್ಕೆ ಅಂಕ ತುಂಬಬೇಕು, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಬರೆಯಬೇಕು. ಯಾರಿಗಾಗಿ ಇಷ್ಟೆಲ್ಲ ನಡೆದಿದೆಯೋ ಅವರನ್ನು ಒಂದು ಮಾತು ಕೇಳಲು ಯಾರಿಗೂ ಪುರಸೊತ್ತಿಲ್ಲ.

ಮಕ್ಕಳು ಬಾಯಿ ಬಿಡುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಗ್ರಾಮಸಭೆಯೊಂದರಲ್ಲಿ ನಮ್ಮ ಹುಡುಗಿಯೊಬ್ಬಳು ಮೈಕ್ ಹಿಡಿದು, 'ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ. ಕಳೆದ ವರ್ಷವೂ ಇದನ್ನೇ ಕೇಳಿದ್ದೆವು' ಎಂದಳು. 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು, ಚಪ್ಪಾಳೆಯಾಯಿತು, ಬಿಸ್ಕತ್ತು ಹಂಚಿದರು. ಮರುವರ್ಷ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಉತ್ತರ ಬಾರದ ಕಡೆ ಮಾತು ಖರ್ಚು ಮಾಡಬಾರದೆಂದು ಹದಿಮೂರು ವರ್ಷದವರಿಗೂ ತಿಳಿಯುತ್ತದೆ.

ಹೀಗಾಗಿ ಪೆಟ್ಟಿಗೆಯನ್ನು ಅದರ ಪಾಡಿಗೆ ಬಿಟ್ಟು, ಶನಿವಾರದ ಬೆಳಗಿನ ಶಾಲೆ ಬಿಡುವ ಮುಂಚೆ ತುಂಡು ಕಾಗದ ಕೊಡತೊಡಗಿದೆ. 'ನಿಮ್ಮ ಸಮಸ್ಯೆ ಬರೆಯಿರಿ' ಎಂದರೆ ಪ್ರಬಂಧ ಬರುತ್ತದೆ. 'ಈ ವಾರ ಪಾಠ ಎಲ್ಲಿ ಕೈಬಿಟ್ಟು ಹೋಯಿತು? ಶಾಲೆಯಲ್ಲಿ ಯಾವ ಹೊತ್ತು ಕಷ್ಟವಾಯಿತು?' ಎಂದು ಕೇಳಿದೆ. ಮೊದಮೊದಲು ಗುರುತು ಸಿಗಬಾರದೆಂದು ಕೆಲವರು ಎಡಗೈಯಲ್ಲಿ ಬರೆದಿದ್ದರು. ಆ ಸೊಟ್ಟ ಅಕ್ಷರ ಓದುವುದೇ ಒಂದು ಪರೀಕ್ಷೆ. ಈಗ ತರಗತಿಯವರೇ ಆರಿಸಿದ ಇಬ್ಬರು ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿ ಚೀಟಿಗಳನ್ನು ಹರಿದು ಹಾಕುತ್ತಾರೆ. ಸೋಮವಾರ ಪ್ರತಿಯೊಂದಕ್ಕೂ ಸೂಚನಾ ಫಲಕದಲ್ಲಿ ಲಿಖಿತ ಉತ್ತರ. ಆಗದಿದ್ದರೆ ಆಗದು ಎಂದೇ ಬರೆಯುತ್ತೇನೆ, ಏಕೆ ಆಗದು, ಅದು ಯಾರ ಕೈಯಲ್ಲಿದೆ ಎಂಬುದನ್ನೂ ಸೇರಿಸಿ. 'ಪರಿಶೀಲಿಸಲಾಗುವುದು' ಎಂಬ ಪದಕ್ಕೆ ಆ ಹಾಳೆಯಲ್ಲಿ ಪ್ರವೇಶವಿಲ್ಲ.

ಒಂದು ಚೀಟಿ ನನ್ನ ಬಾಯಿಯನ್ನೇ ಕಟ್ಟಿಹಾಕಿತು: 'ಸರ್, ಅರ್ಥವಾಯಿತೇ ಎಂದು ಕೇಳಬೇಡಿ. ಇಲ್ಲ ಎನ್ನಲು ಆಗುವುದಿಲ್ಲ.' ಇನ್ನೊಂದು ಥೇಲ್ಸ್ ಪ್ರಮೇಯದ ಬಗ್ಗೆ: ತ್ರಿಭುಜದ ಪಾದಕ್ಕೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ತುಂಡರಿಸುತ್ತದೆ ಎಂಬುದು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಸಿ ಬರೆಸಿ ರೂಢಿ ಮಾಡಿಸುವ ಪ್ರಮೇಯವದು. ಪ್ಯಾಕೇಜಿನಲ್ಲಿ ಅಂಕ ಖಚಿತ. ಚೀಟಿಯಲ್ಲಿದ್ದದ್ದು ಇಷ್ಟು: 'ರಚನೆಯಲ್ಲಿ ಲಂಬ ಎಳೆಯಬೇಕೆಂದು ಅವರಿಗೆ ಹೇಗೆ ಹೊಳೆಯಿತು? ನಮಗೇಕೆ ಹೊಳೆಯುವುದಿಲ್ಲ?'

ಇದಕ್ಕೆ ಫಲಕದಲ್ಲಿ ಉತ್ತರ ಬರೆದರೆ ಸಾಲದು. ಸಾಧನೆಯನ್ನು ಅಳಿಸಿ, ತ್ರಿಭುಜವನ್ನೂ ಪಾದಕ್ಕೆ ಸಮಾಂತರವಾದ ಗೆರೆಯನ್ನೂ ಮಾತ್ರ ಉಳಿಸಿ, ಏನು ಬೇಕಾದರೂ ಎಳೆಯಿರಿ ಎಂದೆ. ಒಬ್ಬ ಶೃಂಗದಿಂದ ಪಾದಕ್ಕೆ ನೇರ ಲಂಬ ಇಳಿಸಿದ. ಅಲ್ಲಿಂದ ಮುಂದೆ ಹೋಗಲು ಸಾಧಿಸಬೇಕಾದ ಸಂಗತಿಯನ್ನೇ ಬಳಸಬೇಕಾಗುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿ ಹಿಡಿದುಬಿಟ್ಟಳು. ಒಂದೇ ಎತ್ತರದ ಎರಡು ತ್ರಿಭುಜಗಳ ವಿಸ್ತೀರ್ಣಗಳ ಅನುಪಾತವೆಂದರೆ ಅವುಗಳ ಪಾದಗಳ ಅನುಪಾತ ಎಂಬುದನ್ನು ನೆನಪಿಸಿದೆ. ಬಾಹುವಿನ ತುಂಡುಗಳನ್ನು ಪಾದಗಳೆಂದು ನೋಡಿದರೆ ಎತ್ತರ ಬೇಕು, ಎತ್ತರವೆಂದರೆ ಲಂಬ. ಗೆರೆಯ ಕೆಳಗಿನ ಎರಡು ತ್ರಿಭುಜಗಳೂ ಅದೇ ಗೆರೆಯ ಮೇಲೆ, ಅವೇ ಸಮಾಂತರ ರೇಖೆಗಳ ನಡುವೆ ಇರುವುದರಿಂದ ವಿಸ್ತೀರ್ಣ ಸಮ ಎಂಬುದನ್ನು ಅವರೇ ಹೇಳಿದರು. ಇಡೀ ಅವಧಿ ಹೋಯಿತು. ಹೋಗಲಿ.

ಎಲ್ಲ ಚೀಟಿಗೂ ಹೀಗೆ ಖುಷಿಯಿಂದ ಉತ್ತರಿಸಲಾಗುವುದಿಲ್ಲ. ಪೇಟೆಗೆ ಮೆಣಸಿನಕಾಯಿ ಆವಕ ಏರುವ ಹೊತ್ತಿಗೆ ಸರಿಯಾಗಿ ನಮ್ಮ ಪೂರ್ವಸಿದ್ಧತಾ ಪರೀಕ್ಷೆಗಳೂ ಬರುತ್ತವೆ. ಆಗ ಒಬ್ಬಳು ಬರೆದಳು: 'ಸಂಜೆ ತರಗತಿ ಮುಗಿಸಿ ಬಸ್ ಹಿಡಿದು ಮನೆ ಮುಟ್ಟುವಾಗ ಕತ್ತಲು. ಅವ್ವ ಮೆಣಸಿನಕಾಯಿ ತೊಟ್ಟು ತೆಗೆಯಲು ಹೋಗಿ ಇನ್ನೂ ಬಂದಿರುವುದಿಲ್ಲ. ರೊಟ್ಟಿ ನಾನೇ ಬಡಿಯಬೇಕು. ನೀವು ಕೊಟ್ಟ ಲೆಕ್ಕ ಯಾವಾಗ ಮಾಡಲಿ?' ಸಂಜೆಯ ತರಗತಿ ನಿಲ್ಲಿಸುವ ಅಧಿಕಾರ ನನಗಿಲ್ಲ, ಹಾಗೆಂದೇ ಬರೆದೆ. ಆದರೆ ಆ ತರಗತಿಯಲ್ಲಿ ಏನು ನಡೆಯಬೇಕೆಂಬುದು ನನ್ನ ಕೈಯಲ್ಲಿದೆ. ಈಗ ಅಲ್ಲಿ ಹೊಸ ಪಾಠವಿಲ್ಲ. ಹೋಮ್‌ವರ್ಕ್ ಅಲ್ಲೇ ಮುಗಿಯಬೇಕು, ಮನೆಗೆ ಏನೂ ಹೋಗಬಾರದು.

'ಚೀಟಿ ಓದುತ್ತ ಕುಳಿತರೆ ಫಲಿತಾಂಶ ಬರುತ್ತದೆಯೇ?' ಎಂದು ವಿಜ್ಞಾನದ ಸಹೋದ್ಯೋಗಿ ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಹದಿನೈದೂ ದಾಟದ ಹುಡುಗನನ್ನು ದಡ ಸೇರಿಸುವುದು ಅದೇ ಪ್ಯಾಕೇಜು. ಅದನ್ನು ಬೈದು ದೊಡ್ಡವನಾಗುವ ಆಸೆ ನನಗಿಲ್ಲ. ಎರಡನ್ನೂ ಒಂದೇ ವೇಳಾಪಟ್ಟಿಯಲ್ಲಿ ಹೊಂದಿಸುವುದೇ ತಲೆನೋವು. ಅವರೂ ಈಚೆಗೆ ಶನಿವಾರ ನನ್ನ ಮೇಜಿನಿಂದ ತುಂಡು ಕಾಗದ ಒಯ್ಯುತ್ತಾರೆ ಎಂಬುದು ಬೇರೆ ಮಾತು.

ಶೌಚಾಲಯದ ವಿಷಯ ಚೀಟಿಗಳಲ್ಲಿ ಮತ್ತೆ ಎದ್ದು ಬಂತು. ಹಾಳೆಯಲ್ಲಿ ಅದನ್ನು ಓದಿದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಬಡಗಿಯನ್ನು ಕರೆತಂದು ಚಿಲಕ ಹಾಕಿಸಿದರು. ನೀರು ಬಂದಿಲ್ಲ. 'ಆಗಿಲ್ಲ, ಪಂಚಾಯಿತಿಗೆ ಪತ್ರ ಕೊಟ್ಟಿದೆ' ಎಂದು ಪ್ರತಿ ಸೋಮವಾರ ಬರೆಯುತ್ತಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನೂ ಪಕ್ಕದಲ್ಲಿ ಅಂಟಿಸಿದೆ. ಎಂಟನೆಯ ತರಗತಿಯ ಹುಡುಗಿಯರು ಅದರ ಮೇಲಿನ ದಿನಾಂಕವನ್ನು ಬರೆದುಕೊಂಡಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಮೈಕ್ ಹಿಡಿಯುವವರು ಯಾರು ಎಂಬ ಜಗಳ ಈಗಲೇ ನಡೆದಿದೆ.