ಕೆಂಪಕ್ಷರ ನಿಂತಿತು, ಹನ್ನೊಂದು ಫೈಲೂ ಹೋದವು

ಜನವರಿ ಕೊನೆ. ರೊಬಸ್ಟಾ ಕಾಫಿ ಲೋಡುಗಳು ರಾತ್ರಿ ಹತ್ತಾದರೂ ಗೇಟಿಗೆ ಬರುತ್ತಲೇ ಇರುವ ಕಾಲ. ಚಿಕ್ಕಮಗಳೂರಿನ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಂಪ್ಯೂಟರ್ ಸೆಕ್ಷನ್ ಅಂದರೆ ನಾನು ಮತ್ತು ಒಬ್ಬ ಟ್ರೈನಿ ಹುಡುಗ. ಲೋಡು ತೂಗುವ ವೇಬ್ರಿಡ್ಜ್ ಶಿಫ್ಟಿಗೊಂದು ಟೆಕ್ಸ್ಟ್ ಫೈಲ್ ಉಗುಳುತ್ತದೆ. ಅವನ್ನು ಸೇರಿಸಿ ಪ್ಲಾಂಟರ್‌ವಾರು ಮೊತ್ತ ತೆಗೆಯುವ ಮಾಡ್ಯೂಲಿಗೆ ದುಡ್ಡಿಲ್ಲ ಅಂದ ಮ್ಯಾನೇಜ್‌ಮೆಂಟು ಅದೇ ತಿಂಗಳು ಗೇಟಿಗೆ ಎಲ್‌ಇಡಿ ಬೋರ್ಡ್ ಹಾಕಿಸಿತು. ಸರಿ, ಹುಡುಗನೇ ಪೈಥಾನಿನಲ್ಲಿ ಸ್ಕ್ರಿಪ್ಟ್ ಬರೆದ.

ಬರೆದದ್ದು ಹೇಗಿತ್ತು ಅಂದರೆ, ಎ, ಎಎ, ಎಎಎ ಅಂತ ವೇರಿಯಬಲ್‌ಗಳು. ಔಟ್‌ಪುಟ್ ಫೈಲನ್ನು ಲೂಪಿನೊಳಗೇ 'ಡಬ್ಲ್ಯೂ' ಮೋಡಲ್ಲಿ ತೆರೆದಿದ್ದ, ಅದು ಪ್ರತಿ ಸಲ ಹಳೆಯದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ, ಹಾಗಾಗಿ ಕೊನೇ ಶಿಫ್ಟ್ ಮಾತ್ರ ಉಳಿಯುತ್ತಿತ್ತು. ಅದನ್ನು ಲೂಪಿನ ಹೊರಗೆ ತಂದೆ, ಕಾಮಾ ಒಡೆಯುವ ಕೆಲಸ ಸಿಎಸ್‌ವಿ ಮಾಡ್ಯೂಲಿಗೆ ಕೊಟ್ಟೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಹುಡುಗ ಹೇಳಿದ, "ಸರ್, ಕೆಲವು ಫೈಲಿಗೆ ಕೆಂಪಗೆ ಎರರ್ ಬರುತ್ತೆ. ಚಾರ್‌ಮ್ಯಾಪ್ ಅಂತೇನೋ." ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಅದರಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು. ಒಂದೂ ಎರರ್ ಇಲ್ಲ. "ಕಾಪಿ ಮಾಡುವಾಗ ನೀನೇ ಫೈಲ್ ಕೆಡಿಸಿದ್ದೀಯ" ಅಂದು, ಫೈಲ್ ಓದುವ ಸಾಲುಗಳ ಸುತ್ತ ಟ್ರೈ ಹಾಕಿ, ಕೆಳಗೆ ಎಕ್ಸೆಪ್ಟ್, ಕಂಟಿನ್ಯೂ. ಅಂದರೆ ಎರರ್ ಬಂದರೆ ಸದ್ದಿಲ್ಲದೆ ಆ ಫೈಲ್ ಬಿಟ್ಟು ಮುಂದಿನದಕ್ಕೆ ಹೋಗು ಅಂತ. ಕೆಂಪು ಮಾಯ. ಎರಡು ದಿನ ಬಿಟ್ಟು ಮತ್ತೆ ಕೇಳಿದ: "ಸರ್, ಆ ಎರರ್ ಈಗ ಎಲ್ಲಿಗೆ ಹೋಯ್ತು?" ನಕ್ಕುಬಿಟ್ಟೆ.

ಫೆಬ್ರವರಿ ಮೊದಲ ವಾರ ಆಲ್ದೂರು ಕಡೆಯ ಪ್ಲಾಂಟರ್ ಸಾವುಕಾರರೊಬ್ಬರು ಬಂದರು. ನಮ್ಮ ಸ್ಟೇಟ್‌ಮೆಂಟಿನಲ್ಲಿ ಅವರ ಎರಡು ಲೋಡ್ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಇಲ್ಲ. ಜಗಳ ಮಾಡಲಿಲ್ಲ. ಜೇಬಿನಿಂದ ತೂಕದ ಚೀಟಿ ತೆಗೆದು ಮೇಜಿನ ಮೇಲೆ ಒಂದೊಂದಾಗಿ ಸಾಲಾಗಿ ಇಟ್ಟರು. ನಾನು, "ಚೀಟಿ ನಮ್ಮದೇನಾ ನೋಡಿ" ಅಂದೆ. ಅವರು ಮಾತಾಡದೆ ಸೀಲಿನ ಮೇಲೆ ಬೆರಳಿಟ್ಟರು. ಮ್ಯಾನೇಜರು ನನ್ನ ಮುಖ ನೋಡುತ್ತಿದ್ದಾರೆ, ತಂದಿಟ್ಟ ಕಾಫಿಯನ್ನು ಯಾರೂ ಮುಟ್ಟುತ್ತಿಲ್ಲ. ಆ ಹತ್ತು ನಿಮಿಷ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಫೋಲ್ಡರಿನಲ್ಲಿ 62 ಫೈಲ್. ಸ್ಕ್ರಿಪ್ಟ್ ಓದಿದ್ದು 51. ಬಿಟ್ಟ ಹನ್ನೊಂದೂ ರಾತ್ರಿ ಶಿಫ್ಟಿನವು. ತಿಂಗಳ ನಡುವೆ ಬಂದ ರಾತ್ರಿಯ ಕ್ಲರ್ಕ್ ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡುತ್ತಿದ್ದ, ಪಾಪ, ಅಚ್ಚುಕಟ್ಟಾಗಿ. ಫೈಲುಗಳು ಯುಟಿಎಫ್-8, ಅಂದರೆ ಕನ್ನಡವನ್ನೂ ಹಿಡಿಸುವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿಸುವ ಪದ್ಧತಿ). ಎನ್‌ಕೋಡಿಂಗ್ ಹೇಳದಿದ್ದರೆ ಆಫೀಸಿನ ವಿಂಡೋಸ್‌ನಲ್ಲಿ ಪೈಥಾನ್ ಇಂಗ್ಲಿಷ್, ಯುರೋಪಿನ ಅಕ್ಷರಗಳಷ್ಟೇ ಇರುವ ಸಿಪಿ1252 ಅಂದುಕೊಂಡು ಓದುತ್ತಿತ್ತು. ನನ್ನ ಉಬುಂಟುವಿನಲ್ಲಿ ಯುಟಿಎಫ್-8 ಅಂತಲೇ ಓದುತ್ತದೆ, ಅದಕ್ಕೇ ಅಲ್ಲಿ ಎರರ್ ಇರಲಿಲ್ಲ. ಅರ್ಧಾಕ್ಷರದ '್' ಚಿಹ್ನೆಯ ಕೊನೇ ಬೈಟ್ 8ಡಿ, ಉಕಾರದ ಕೊಂಬಿನದು 81. ಸಿಪಿ1252ರಲ್ಲಿ ಆ ಎರಡಕ್ಕೂ ಜಾಗವೇ ಇಲ್ಲ. 'ಕಮಲ' ಅಂತಿದ್ದರೆ ಕಲಸುಮೇಲೋಗರವಾಗಿಯಾದರೂ ದಾಟುತ್ತದೆ. 'ಪುಟ್ಟಪ್ಪ' ಬಂದರೆ ಅಲ್ಲೇ ಬಿದ್ದುಹೋಗುತ್ತದೆ. ನಮ್ಮೂರ ಕಡೆ ಒತ್ತೂ ಕೊಂಬೂ ಇಲ್ಲದ ಹೆಸರು ಹುಡುಕಿ ನೋಡಿ.

ಹುಡುಗನ ಸ್ಕ್ರಿಪ್ಟ್ ಕಿರುಚುತ್ತಿತ್ತು. ಬಾಯಿ ಮುಚ್ಚಿಸಿದವನು ನಾನು.

ಎಕ್ಸೆಪ್ಟ್ ಕಿತ್ತೆ. ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತ ಬರೆದೆ. ನೋಟ್‌ಪ್ಯಾಡಿನಲ್ಲಿ ತೆರೆದು ಸೇವ್ ಮಾಡಿದ ಕೆಲವು ಫೈಲುಗಳ ತಲೆಗೆ ಬಿಒಎಂ ಅನ್ನುವ ಕಾಣದ ಗುರುತು ಅಂಟಿತ್ತು, 'ಸಿಗ್' ಅದನ್ನು ಕಳಚುತ್ತದೆ. ಫೋಲ್ಡರಿನಲ್ಲಿ ಎಷ್ಟು, ಓದಿದ್ದೆಷ್ಟು ಅಂತ ಕೊನೆಗೆ ಪ್ರಿಂಟ್ ಆಗುತ್ತದೆ, ತಾಳೆಯಾಗದಿದ್ದರೆ ಸ್ಟೇಟ್‌ಮೆಂಟೇ ಹೊರಡುವುದಿಲ್ಲ. ಈ ಕೊನೇ ಸಾಲು ಹುಡುಗನದೇ.

ಹೆಡ್ ಆಫೀಸಿಗೆ ಹೋದ ಇಮೇಲಿನಲ್ಲಿ ಮ್ಯಾನೇಜರು 'ಟ್ರೈನಿ ತಪ್ಪು' ಅಂತ ಬರೆದಿದ್ದರು. ಅದು ನನ್ನ ತಪ್ಪು ಅಂತ ತಿದ್ದಿ ಕಳಿಸಲು ನನಗೆ ನಾಲ್ಕು ದಿನ ಬೇಕಾಯಿತು.